ಅಣ್ಣನಿಗೊಂದು ಪತ್ರ: ವಿಮಾನ ಮಲಗಿಸುವ ಕಾಲ

ವಿನ್ನಿಪೆಗ್, ಕೆನಡಾ, ಅಕ್ಟೋಬರ್ ಕೊನೆ

ಪ್ರೀತಿಯ ಅಣ್ಣನಿಗೆ ನಮಸ್ಕಾರ,

ನಾನು ಆರಾಮ. ತದಡಿಯಲ್ಲಿ ಈ ಸಲ ಬಂಗಡೆ ಸಿಗ್ತಾ ಇದೆಯಾ? ಆಯಿಯ ಮಂಡಿನೋವು ಕಮ್ಮಿ ಆಯ್ತಾ?

ನಮ್ಮ ವರ್ಕ್‌ಶಾಪಿಗೆ ಈಗ ಬಿಡುವಿಲ್ಲ. ಚಳಿಗಾಲದಲ್ಲಿ ಹಾರಿಸದ ಸಣ್ಣ ವಿಮಾನಗಳನ್ನು ಜೋಪಾನ ಮಾಡಿಡುವ ಕಾಲ ಇದು. ಜೂನ್ ಒಂದಕ್ಕೆ ನೀವು ಬೋಟು ಕಟ್ಟಿಹಾಕ್ತೀರಲ್ಲ, ಹಾಗೇ. ನಿಮ್ಮದು 61 ದಿನದ ಮೀನುಗಾರಿಕೆ ಬಂದ್, ಇಲ್ಲಿನ ವಿಮಾನದವರದು ಐದಾರು ತಿಂಗಳು. ಜನವರಿಯಲ್ಲಿ ಮೈನಸ್ 30 ಡಿಗ್ರಿಗೂ ಇಳಿಯುತ್ತದೆ.

ಈ ವಾರ ಒಂದು ಸೆಸ್ನಾ 172 ಬಂದಿತ್ತು. ಇಂಜಿನ್ನಿನ ಹಳೇ ಆಯಿಲ್‌ನಲ್ಲಿ ನೀರು, ಆಮ್ಲ ಸೇರಿರುತ್ತದೆ. ಅದನ್ನು ಒಳಗೇ ಬಿಟ್ಟರೆ ತುಕ್ಕು ಗ್ಯಾರಂಟಿ. ಅದಕ್ಕೇ ತುಕ್ಕು ತಡೆಯುವ ಬೇರೆ ಆಯಿಲ್ ತುಂಬಿ, ಮಾಲೀಕರು ಒಂದು ಸುತ್ತು ಹಾರಿಸಿ ತಂದರು. ಆಮೇಲೆ ಟ್ಯಾಂಕ್ ಫುಲ್ ಮಾಡಿದೆವು. ಖಾಲಿ ಜಾಗ ಇದ್ದರೆ ಅಲ್ಲಿನ ಗಾಳಿಯ ತೇವ ನೀರಾಗಿ ಪೆಟ್ರೋಲಿಗೆ ಇಳಿಯುತ್ತದೆ. ಟ್ಯಾಂಕಿನ ಅಡಿಯಿಂದ ಪಾರದರ್ಶಕ ಕಪ್ಪಿಗೆ ಸ್ವಲ್ಪ ಹಿಡಿದು ನೋಡ್ತೇವೆ. ವಿಮಾನದ ಪೆಟ್ರೋಲು ತಿಳಿನೀಲಿ. ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ.

ನನಗೆ ಇಷ್ಟದ ಕೆಲಸ ಇದರ ನಂತರದ್ದು. ಮೇಲಿನ ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ, ಅಲ್ಲಿ ಸಿಲಿಕಾ ಹರಳು ತುಂಬಿದ ಪಾರದರ್ಶಕ ಪ್ಲಗ್ ತಿರುಪುವುದು. ಹರಳು ನೀಲಿ ಇದ್ದರೆ ಒಳಗೆ ಒಣಗಿದೆ ಎಂದು ಲೆಕ್ಕ. ಗುಲಾಬಿ ಆದರೆ ತೇವ ಕುಡಿದಿದೆ, ಬದಲಿಸಬೇಕು. ಸೈಲೆನ್ಸರ್ ಬಾಯಿ, ಗಾಳಿ ಹೋಗುವ ತೂತು ಎಲ್ಲಾ ಬಂದ್. ಇಲ್ಲದಿದ್ದರೆ ಇಲಿ ಗೂಡು ಕಟ್ಟುತ್ತದೆ, ಅದರ ಉಚ್ಚೆಗೆ ಅಲ್ಯೂಮಿನಿಯಂ ಕೂಡ ತಿಂದುಹೋಗುತ್ತದೆ! ಬ್ಯಾಟರಿ ಬಿಚ್ಚಿ ಒಳಗಿಟ್ಟೆವು. ಚಾರ್ಜ್ ಇಳಿದ ಬ್ಯಾಟರಿ ಈ ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತದೆ.

ಕೊನೆಗೆ ವಿಮಾನದ ಮೂತಿಯ ಪಂಖಕ್ಕೆ (ಪ್ರೊಪೆಲರ್) ‘ತಿರುಗಿಸಬೇಡಿ’ ಎಂದು ಬೋರ್ಡು. ಕೈಯಲ್ಲಿ ತಿರುಗಿಸಿದರೆ ಒಳಗೆ ಹಿಡಿದ ಆಯಿಲ್ ಪದರ ಒರೆಸಿಹೋಗುತ್ತದೆ. ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದಂತೂ ಇನ್ನೂ ಕೆಟ್ಟದ್ದು. ಇಂಧನ ಉರಿದಾಗ ನೀರಾವಿ ಹುಟ್ಟುತ್ತದೆ. ಆಯಿಲ್ 80 ಡಿಗ್ರಿ ಆಸುಪಾಸು ಕಾದು ಸ್ವಲ್ಪ ಹೊತ್ತು ಓಡಿದರೆ ಮಾತ್ರ ಅದು ಹೊರಗೆ ಹೋಗೋದು. ಇಲ್ಲದಿದ್ದರೆ ಇಂಜಿನ್ನಿನ ಹೊಟ್ಟೆಯಲ್ಲೇ ಉಳಿಯುತ್ತದೆ.

ಇಷ್ಟುದ್ದ ಬರೆದದ್ದು ಇದಕ್ಕೇ ಮಾರಾಯಾ. ಬಂದ್ ಟೈಮಲ್ಲಿ ನೀನು ಆಗಾಗ ಹೋಗಿ ಐದು ನಿಮಿಷ ಬೋಟಿನ ಇಂಜಿನ್ ಗುಡುಗುಡು ಅನ್ನಿಸಿ ಬರ್ತೀಯಲ್ಲ, ಡೀಸೆಲ್ಲಿಗೂ ಅದು ಒಳ್ಳೇದಲ್ಲ. ಬರುವ ಮೇ ಕೊನೆಗೆ ಆಯಿಲ್ ಬದಲಿಸಿ ಸುಮ್ನೆ ಬಿಡು. ಆಯಿಲ್ ಖರ್ಚು ನಾನು ಕಳಿಸ್ತೇನೆ, ಆಯಿ ಹತ್ರ ಕೇಳ್ಬೇಡ.

ಇಂತಿ ನಿನ್ನ ತಮ್ಮ