ಮನೆ ತಪಾಸಣೆ ವರದಿಯ ಬಗ್ಗೆ ದೂರು

ವ್ಯವಸ್ಥಾಪಕರಿಗೆ,
ಮನೆ ತಪಾಸಣೆ ವಿಭಾಗ, ಹುಬ್ಬಳ್ಳಿ

ವಿಷಯ: ಗದಗ-ಬೆಟಗೇರಿಯ ಹಳೇ ಮನೆಯ ತಪಾಸಣೆಯಲ್ಲಿ ಆದ ನಿರ್ಲಕ್ಷ್ಯ

ಮಾನ್ಯರೇ,

ಫೋನಿನಲ್ಲಿ ಸಮಾಧಾನದಿಂದ ಹೇಳಿ ಸಾಕಾಯಿತು. ಇನ್ನು ಬರಹದಲ್ಲೇ ಹೇಳುತ್ತೇನೆ.

ನಾವು ಕೊಳ್ಳಬೇಕೆಂದಿದ್ದ ಮನೆಯನ್ನು ನಿಮ್ಮ ಎಂಜಿನಿಯರ್ ನೋಡಿ ಹೋದರು. ವರದಿಯಲ್ಲಿ ‘ಪ್ಲಾಸ್ಟರ್ ಬಿರುಕು, ಬಣ್ಣ ಹಚ್ಚಿದರೆ ಸಾಕು’ ಅಂತ ಬರೆದರು. ಅದನ್ನು ನಂಬಿ ಸಂಚಕಾರ ಕೊಟ್ಟೆವು. ಆಮೇಲೆ ಪರಿಚಯದ ಗೌಂಡಿಯೊಬ್ಬರು ಬಂದರು. ಸೀದಾ ಈಶಾನ್ಯ ಮೂಲೆಗೆ ಹೋಗಿ ನಿಂತರು.

ಅಲ್ಲಿ ಕಿಟಕಿಯ ಮೇಲಿನ ಮೂಲೆಯಿಂದ ಬಿರುಕು ಓರೆಯಾಗಿ ಮೇಲಕ್ಕೆ ಹೋಗಿದೆ. ಹೊರಗಡೆ ಇಟ್ಟಿಗೆ ಸಂದಿನಲ್ಲೇ ಮೆಟ್ಟಿಲಿನ ಹಾಗೆ ಹತ್ತಿದೆ. ಒಳಗೂ ಅದೇ ಜಾಗದಲ್ಲಿದೆ. ಮೇಲೆ ಹೋದಷ್ಟೂ ಅಗಲ. ಹತ್ತು ರೂಪಾಯಿಯ ಎರಡು ನಾಣ್ಯ ಜೋಡಿಸಿ ತೂರಿಸಿದರೆ ಒಳಗೆ ಹೋಗುತ್ತವೆ. ಪಕ್ಕದ ಬಾಗಿಲು ಚೌಕಟ್ಟಿಗೆ ಹಿಡಿಯುತ್ತಿತ್ತೇನೋ, ಮೇಲಂಚಿಗೆ ಓರೆಯಾಗಿ ರಂದಾ ಹೊಡೆದಿದ್ದಾರೆ. ಗೋಡೆಗೆ ಹತ್ತಿಕೊಂಡೇ ದೊಡ್ಡ ಬೇವಿನ ಮರ. ಅದೇ ಮೂಲೆಯಲ್ಲಿ ಬಚ್ಚಲಿನ ಪೈಪ್ ಸೋರುತ್ತಿದೆ. ಕೆಳಗಿರುವುದು ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಇದನ್ನು ಗದಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಹೊಲದಲ್ಲಿ ನೋಡಿಯೇ ಬೆಳೆದಿದ್ದೇವೆ. ಮರದ ಬೇರು ಒಂದು ಕಡೆ ನೀರು ಹೀರಿ, ಪೈಪ್ ಇನ್ನೊಂದು ಕಡೆ ನೀರು ಬಿಟ್ಟರೆ ಪಾಯ ಒಂದೇ ಸಮ ನಿಲ್ಲುತ್ತದಾ?

ಬಿರುಕಿನ ಅಗಲ ಅಳೆಯುತ್ತೇವೆ, ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ಗೋಡೆ ಇನ್ನೂ ಸರಿಯುತ್ತಿದೆಯಾ ನೋಡುತ್ತೇವೆ ಅಂತ ನಿಮ್ಮದೇ ಒಪ್ಪಂದದಲ್ಲಿದೆ. ವರದಿಯಲ್ಲಿ ಅಗಲದ ಜಾಗ ಖಾಲಿ. ಗಾಜಿನ ಪಟ್ಟಿಯ ಮುಂದೆ ‘ಅಗತ್ಯವಿಲ್ಲ’.

ಇದನ್ನೇ ಕೇಳಲು ನಿಮ್ಮ ಆಫೀಸಿಗೆ ಬಂದೆ. ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದರು. ಊಟದ ಹೊತ್ತು ಮುಗಿಯುವ ತನಕ ಕೂತಿದ್ದೆ. ಕೊನೆಗೆ ಎಂಜಿನಿಯರ್ ಬಂದರು. ಫೋಟೋ ಚಾಚಿದೆ, ಕೈಗೆ ತೆಗೆದುಕೊಳ್ಳಲಿಲ್ಲ. ಮೊಬೈಲಿನಿಂದ ಕಣ್ಣು ಎತ್ತದೆ, “ಹಳೀ ಮನಿ ಅಂದ್ರ ಬಿರುಕು ಇರೂದ ರೀ ಅಕ್ಕಾರ” ಅಂದರು. ಅಗಲ ಯಾಕೆ ಅಳೆಯಲಿಲ್ಲ ಅಂತ ಕೇಳಿದೆ. “ನಿಮಗ ತಿಳಿಯೂದಿಲ್ರಿ” ಅಂದರು. ಗಾಜಿನ ಪಟ್ಟಿ ಯಾಕೆ ಹಾಕಲಿಲ್ಲ ಅಂದೆ. “ಗಾಜು ಒಡದ್ರ ನೀವು ಸುಮ್ನ ಹೆದರ್ತೀರಿ” ಅಂತ ಪಕ್ಕದ ಹುಡುಗನ ಕಡೆ ನೋಡಿ ನಕ್ಕರು. ಆ ಹುಡುಗನೂ ನಕ್ಕ. ಕೊನೆಗೆ, “ಮನಿಯಾಗ ಗಂಡಸರು ಯಾರೂ ಇಲ್ಲೇನ್ರಿ? ಅವರನ್ನ ಕರಕೊಂಡ ಬರ್ರಿ, ಅವರಿಗೆ ತಿಳಿಸಿ ಹೇಳ್ತೀನಿ” ಅಂದರು. ಬಿಲ್ ಇರುವುದು ನನ್ನ ಹೆಸರಿನಲ್ಲಿ. ದುಡ್ಡು ಹೋದದ್ದು ನನ್ನ ಖಾತೆಯಿಂದ. ಅಷ್ಟು ಜನರ ಎದುರು ಫೋಟೋ ಕೈಯಲ್ಲೇ ಹಿಡಿದು ಎದ್ದು ಬಂದೆ.

ಗಾಜು ಒಡೆದರೆ ಗೋಡೆ ಸರಿಯುತ್ತಿದೆ ಎಂದು ಗೊತ್ತಾಗುತ್ತದೆ. ಅದನ್ನು ತಿಳಿಯಲೆಂದೇ ನಿಮಗೆ ದುಡ್ಡು ಕೊಟ್ಟಿದ್ದು. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದದ್ದು ಈ ಭಾಗದ ಯಾರಿಗೂ ಮರೆತಿಲ್ಲ. ಅದು ಹೊಸದಾಗಿ ಕಟ್ಟುತ್ತಿದ್ದ ಕಟ್ಟಡ, ನಮ್ಮದು ಹಳೇ ಮನೆ, ಕಾರಣ ಬೇರೆ ಬೇರೆ. ಆದರೂ ಗೋಡೆಯ ಬಗ್ಗೆ ಕೇಳಿದವರನ್ನು ನೋಡಿ ನಗುವುದು ಯಾವ ಧೈರ್ಯ?

ಹಿರಿಯ ಎಂಜಿನಿಯರ್ ಒಬ್ಬರು ಬಂದು ಪಾಯದ ಹತ್ತಿರ ಮಣ್ಣು ತೆಗೆಸಿ ನೋಡಬೇಕು, ಗಾಜಿನ ಪಟ್ಟಿ ಹಾಕಬೇಕು, ಹೊಸ ವರದಿಗೆ ಸಹಿ ಮಾಡಿ ಕೊಡಬೇಕು. ಶುಲ್ಕ ಪೂರ್ತಿ ವಾಪಸ್ ಬರಬೇಕು. ಆ ಎಂಜಿನಿಯರ್ ನನ್ನ ಹೆಸರಿಗೆ ಬರಹದಲ್ಲಿ ಕ್ಷಮೆ ಕೇಳಬೇಕು.

15 ದಿನದಲ್ಲಿ ಇದಾಗದಿದ್ದರೆ ಗದಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಲ್ಲೇ ದೂರು ಕೊಡಬಹುದು, ವಕೀಲರು ಬೇಕೇಬೇಕು ಅಂತಿಲ್ಲ. ಸಂಚಕಾರ ಮುಳುಗಿದರೆ ಅದನ್ನೂ ನಿಮ್ಮಿಂದಲೇ ಕೇಳುತ್ತೇನೆ. ನಿಮ್ಮ ವರದಿ ನೋಡಿ ಸಾಲಕ್ಕೆ ಒಪ್ಪಿದ ಬ್ಯಾಂಕಿಗೆ ಈ ಪತ್ರದ ಜೊತೆ ಫೋಟೋಗಳನ್ನೂ ಕಳಿಸುತ್ತೇನೆ. ಮಾತಾಡುವುದಿದ್ದರೆ ನನ್ನ ಜೊತೆಗೇ ಮಾತಾಡಿ. ಮನೆಯ ಗಂಡಸರು ಬರುವುದಿಲ್ಲ.

ಇಂತಿ,
ಬಿಲ್ಲಿನಲ್ಲಿ ಹೆಸರಿರುವ ಗ್ರಾಹಕಿ
ಬೆಟಗೇರಿ