ಬಿಸಿಲು ಜೋರಾಗಿದೆ: ತೋಟದ ಕೆಲಸದ ಸಮಯ ಬದಲು

ಎಲ್ಲರಿಗೂ ನಮಸ್ಕಾರ. ನಾಳೆಯಿಂದ ತೋಟದ ಕೆಲಸ ಬೆಳಗ್ಗೆ 6ರಿಂದ 11, ಆಮೇಲೆ ಸಂಜೆ 4ರ ನಂತರ. ನಡುವೆ ಯಾರನ್ನೂ ಬಿಸಿಲಿಗೆ ಕರೆಯಬೇಡಿ.

ಅಡಿಕೆ ತೋಟದೊಳಗೆ ನೆರಳಿದೆ ಎಂದು ನಂಬಬೇಡಿ. ಗಾಳಿಯಾಡದ ತೇವದಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಕೆಲಸದವರು ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಲಿ. ಮಜ್ಜಿಗೆಗೆ ಚಿಟಿಕೆ ಉಪ್ಪು ಸಾಕು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಉಪ್ಪು ಹೆಚ್ಚಾದರೆ ಅಪಾಯ.

ಮೈ ಕಾದು ಮಾತು ತೊದಲಿದರೆ, ಬೆವರುತ್ತಿದ್ದರೂ ಸರಿ, ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಇರಿ. ಪ್ರಜ್ಞೆ ತಪ್ಪಿದವರಿಗೆ ನೀರು ಕುಡಿಸಲೇಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಯಾರ ತೋಟದಲ್ಲಿ ನಾಳೆ ಕೆಲಸವಿದೆ, ಇಂದು ರಾತ್ರಿಯೊಳಗೆ ದಯವಿಟ್ಟು ಇಲ್ಲೇ ತಿಳಿಸಿ.