ಹಳೆ ಊರಿನ ಸ್ಮಶಾನ ಉಳಿಸಿ, ಹೊಸ ಊರಿಗೆ ಸ್ಮಶಾನ ಜಾಗ ಕೊಡುವ ಕುರಿತು ಮನವಿ

ಇವರಿಗೆ,
ಸಂಬಂಧಪಟ್ಟ ಅಧಿಕಾರಿಗಳು

ಮಾನ್ಯರೇ,

ನಾವು ಆಲಮಟ್ಟಿ ಮುಳುಗಡೆ ಸಂತ್ರಸ್ತರು. 1964ರಲ್ಲಿ ಅಡಿಗಲ್ಲು ಇಟ್ಟ ಡ್ಯಾಮಿಗೆ ಎರೆ ಹೊಲ, ಮನೆ, ಗುಡಿ, ಮಸೀದಿ ಎಲ್ಲ ಕೊಟ್ಟು ಈ ಪುನರ್ವಸತಿ ಕೇಂದ್ರಕ್ಕೆ ಬಂದವರು. ಪರಿಹಾರದ ಪಟ್ಟಿಯಲ್ಲಿ ಮಾವಿನ ಗಿಡಕ್ಕೂ ಬಾವಿಗೂ ದರ ಇತ್ತು. ಸತ್ತವರ ಲೆಕ್ಕ ಮಾತ್ರ ಯಾರೂ ಹಿಡಿಯಲಿಲ್ಲ.

ನಮ್ಮಲ್ಲಿ ಲಿಂಗಾಯತರೂ ಹೂಳುತ್ತಾರೆ, ಮುಸಲ್ಮಾನರೂ ಹೂಳುತ್ತಾರೆ. ಹಳೆ ಸ್ಮಶಾನ ಹಿನ್ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಗದ್ದುಗೆ, ಗೋರಿ ಕಾಣುತ್ತವೆ. ಹೋಗಿ ಹೂವು ಇಟ್ಟು ಬರೋಣ ಅಂದರೆ ದಾರಿಯಿಲ್ಲ, ಬರೀ ಜಾಲಿ ಕಂಟಿ. ಆದರೆ ಮಣ್ಣು ಹೊಡೆಯುವ ಟ್ರ್ಯಾಕ್ಟರುಗಳಿಗೆ ಅದು ಹೇಗೋ ದಾರಿ ಸಿಗುತ್ತದೆ! ಕಳೆದ ಬೇಸಿಗೆಯಲ್ಲಿ ಎಲುಬು ಮೇಲೆ ಬಂದಿದ್ದವು. ಫೋಟೋ ಸಮೇತ ದೂರು ಕೊಟ್ಟೆವು. 'ಪರಿಶೀಲಿಸಲಾಗುವುದು' ಎಂದು ಹಿಂಬರಹ ಬಂತು. ಆಮೇಲೆ ಸುದ್ದಿಯೇ ಇಲ್ಲ.

ಹೊಸ ಊರಿಗಾದರೂ ಸ್ಮಶಾನ ಕೊಟ್ಟಿರಾ? ನಕ್ಷೆಯಲ್ಲಿ ಇದೆಯಂತೆ. ಸ್ಥಳಕ್ಕೆ ಹೋದರೆ ಬಂಡೆ, ಎರಡು ಅಡಿಯೂ ಅಗೆಯಲು ಆಗುವುದಿಲ್ಲ. ಊರೂರಿಗೆ ಸ್ಮಶಾನ ಜಾಗ ಕೊಡಿ ಎಂದು 2019ರಲ್ಲೇ ಹೈಕೋರ್ಟ್ ಹೇಳಿದೆ. ಆ ಆದೇಶದ ಪ್ರತಿಯನ್ನೂ ನಾವೇ ಜೆರಾಕ್ಸ್ ಮಾಡಿಸಿ ತಂದು ಕೊಟ್ಟೆವು. ತಾಲೂಕು ಕಚೇರಿಗೆ ಹೋದರೆ ಪುನರ್ವಸತಿ ಕಚೇರಿಗೆ ಹೋಗಿ ಎನ್ನುತ್ತಾರೆ, ಅಲ್ಲಿಗೆ ಹೋದರೆ ಪಂಚಾಯಿತಿಗೆ. ಪಂಚಾಯಿತಿಯವರಿಗೆ ಜಾಗವೇ ಹಸ್ತಾಂತರ ಆಗಿಲ್ಲವಂತೆ. ಸಾಹೇಬರು ಬದಲಾದಾಗಲೆಲ್ಲ ಹಳೆ ಅರ್ಜಿ ಸಿಗುವುದಿಲ್ಲ, ಹೊಸದು ಬರೆದುಕೊಡಿ ಅಂತಾರೆ. ಕಡತ ಕೂಡ ಮುಳುಗಡೆ ಆಯಿತೇನು? ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿಯ ಹೆಣ ಇಟ್ಟುಕೊಂಡು ಪಕ್ಕದೂರಿನವರ ಕೈಕಾಲು ಹಿಡಿಯಬೇಕಾಯಿತು. ಇದು ನಿಮಗೆ ನಾಚಿಕೆ ಅನಿಸದಿದ್ದರೂ ನಮಗೆ ಅನಿಸಿದೆ.

ಹೇಳುತ್ತಾ ಹೋದರೆ ಮುಗಿಯದು. ನಳದಲ್ಲಿ ನೀರು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಡ್ಯಾಮಿಗೆ ಊರು ಕೊಟ್ಟವರಿಗೆ ಕುಡಿಯುವ ನೀರಿಲ್ಲ, ಚೆನ್ನಾಗಿದೆ ಅಲ್ವಾ? ಬೀದಿ ದೀಪ ಉರಿಯುವುದಿಲ್ಲ, ಬಸ್ಸು ಕ್ರಾಸಿನಲ್ಲೇ ಇಳಿಸಿ ಹೋಗುತ್ತದೆ. ಕೆಲವರಿಗೆ ಇನ್ನೂ ಹಕ್ಕುಪತ್ರ ಬಂದಿಲ್ಲ.

ಈಗ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರಿಗೆ ಏರಿಸುತ್ತೀರಿ. ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ಎಂದು 2025ರಲ್ಲಿ ಸಂಪುಟ ತೀರ್ಮಾನಿಸಿತು. ಒಳ್ಳೆಯದೇ. ಆದರೆ ಮಟ್ಟ ಏರಿದ ಮೇಲೆ ಬೇಸಿಗೆಯಲ್ಲೂ ಆ ಗೋರಿಗಳು ಕಾಣುವುದು ಅನುಮಾನ.

ಆದ್ದರಿಂದ ನೀರು ಏರಿಸುವ ಮೊದಲೇ ಹಳೆ ಸ್ಮಶಾನದ ಸರ್ವೆ ಆಗಬೇಕು. ಮನೆಯವರು ಬಯಸಿದರೆ ಗದ್ದುಗೆ, ಗೋರಿಗಳನ್ನು ಸರ್ಕಾರದ ಖರ್ಚಿನಲ್ಲಿ ಸ್ಥಳಾಂತರಿಸಬೇಕು. ಮಣ್ಣು ಸಾಗಿಸುವುದನ್ನು ಇವತ್ತೇ ನಿಲ್ಲಿಸಿ. ಅಗೆಯಲು ಬರುವ ಜಾಗವನ್ನೇ ಸ್ಮಶಾನಕ್ಕೆ ಕೊಟ್ಟು ಪಹಣಿಯಲ್ಲಿ ನಮೂದಿಸಿ. ಬರುವ ಬೇಸಿಗೆಯೊಳಗೆ ಆಗದಿದ್ದರೆ, ಮುಂದಿನ ಹೆಣವನ್ನು ನಿಮ್ಮ ಕಚೇರಿ ಬಾಗಿಲಿಗೇ ತರುತ್ತೇವೆ. ಮತ್ತೆ ಹಿಂಬರಹ ಮಾತ್ರ ಕಳಿಸಬೇಡಿ.

ಇಂತಿ,
ಪುನರ್ವಸತಿ ಕೇಂದ್ರದ ಸಮಸ್ತ ನಿವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟು ಲಗತ್ತಿಸಿದೆ)